ಎರಡು ಬಾಗಿಲಿನ ಬಚ್ಚಲೂ ಕಂಪ್ಯೂಟರಿನ ಎಕ್ಸ್‌ಪ್ರೆಸ್ ಲೈನೂ

ನಾಗಪುರದ ಪ್ರತಾಪ ನಗರದಾಗಿನ ನಮ್ಮ ಮನಿ ಕಟ್ಟಿಸಿದ ಪುಣ್ಯಾತ್ಮ ಯಾರೋ ನನಗ ಗೊತ್ತಿಲ್ಲ. ಆದ್ರ ಅಂವ ಎಲ್ಲೇ ಇರಲಿ, ಅವನ್ನ ಕರಕೊಂಡು ಬಂದು ಒಂದು ವಾರ ನಮ್ಮ ಬಚ್ಚಲದಾಗ ಜಳಕ ಮಾಡಿಸಬೇಕು ಅನ್ನೂದು ನನ್ನ ಭಾಳ ದಿವಸದ ಆಸೆ. ಬಚ್ಚಲ ಒಂದ, ಬಾಗಿಲ ಎರಡು. ಒಂದು ಬಾಗಿಲ ಹಾಲಿಗೆ, ಇನ್ನೊಂದು ನಾವು ಮಲಗೋ ಖೋಲಿಗೆ. ಎರಡಕ್ಕೂ ಒಳಗಿಂದ ಚಿಲಕ. ನೀವು ಯಾವ ಕಡೆಯಿಂದರ ಒಳಗ ಹೋಗ್ರಿ, ಇನ್ನೊಂದು ಬಾಗಿಲದ ಚಿಲಕ ಹಾಕಬೇಕು. ಹೊರಗ ಬರೂ ಮುಂದ ನೆನಪಿಟ್ಟು ಅದನ್ನ ತಗೀಬೇಕು. ತಗೀಲಿಲ್ಲಂದ್ರ ಆ ಕಡೆಯವರು ಹೆಗಲ ಮ್ಯಾಲೆ ಟವೆಲ್ ಹಾಕ್ಕೊಂಡು ನಿಂತಲ್ಲೇ ನಿಲ್ಲಬೇಕು.

ನಮ್ಮ ಮನಿಯವರಿಗೆ ಈ ಚಿಲಕ ತಗಿಯೂದೊಂದ ನೆನಪಿರಂಗಿಲ್ಲ. ಇವರು ರೈಲ್ವೆಯೊಳಗ ಇದ್ದವರು. ಅರ್ಧಕ್ಕಿಂತ ಹೆಚ್ಚು ಸರ್ವಿಸ್ ನಾಗಪುರದ ಕಂಟ್ರೋಲ್ ಆಫೀಸಿನ್ಯಾಗ ಕುಂತು, ಇಟಾರಸಿಯಿಂದ ಬರೂ ಗಾಡಿ ಎಲ್ಲೆ ನಿಲ್ಲಬೇಕು, ವರ್ಧಾಕ್ಕ ಹೋಗೂ ಗಾಡಿ ಯಾವಾಗ ಬಿಡಬೇಕು ಅಂತ ಫೋನಿನ್ಯಾಗ ಹುಕುಂ ಕೊಟ್ಟವರು. ಅಷ್ಟು ಮಂದಿ ಕುಂತ ಗಾಡಿಗಳನ್ನ ಒಂದಕ್ಕೊಂದು ತಾಗದಂಗ ದಾಟಿಸಿದ ಮನುಷ್ಯಾಗ ಬೊಟ್ಟಿನಷ್ಟು ಚಿಲಕ ನೆನಪಿರಂಗಿಲ್ಲ ಅಂದ್ರ ಏನ್ ಹೇಳೂದು! ಖೋಲಿ ಕಡೆಯಿಂದ ಒಳಗ ಹೋಗ್ತಾರ, ಹಾಲಿನ ಬಾಗಿಲಕ್ಕ ಚಿಲಕ ಜಡೀತಾರ, ಜಳಕ ಮಾಡಿ ಖೋಲಿ ಕಡೆಯಿಂದನ ಹೊರಗ ಬಂದು ಪೇಪರ್ ಓದಾಕ ಕುಂದರತಾರ.

ಅದರ ತ್ರಾಸೆಲ್ಲ ನಮ್ಮ ಅತ್ತಿಗೆ. ಖೋಲಿಯೊಳಗ ಹಾಯ್ದು ಆ ಕಡೆಯಿಂದ ಹೋಗ್ರಿ ಅತ್ತಿ ಅಂದ್ರ ಕೇಳಂಗಿಲ್ಲ. "ಮಗಾ ಸೊಸಿ ಮಲಗೋ ಖೋಲಿ ದಾಟಿ ಬಚ್ಚಲಕ್ಕ ಹೋಗೂದೇನು? ಅದಕಿಂತ ನಾ ಮಹಾಲ ಪ್ಯಾಟಿ ಓಣಿ ನಡಬರಕ ನಿಂತು ಜಳಕ ಮಾಡ್ತೇನಿ," ಅನ್ನಾಕಿ. ಮಗಾ ಮುದುಕ ಆಗ್ಯಾನ, ಸೊಸಿಗೆ ಮಣಕಾಲು ಬ್ಯಾನಿ ಹತ್ತೈತಿ, ಆ ಖೋಲಿಯೊಳಗ ಈಗ ಅಮೃತಾಂಜನದ ವಾಸನಿ ಬಿಟ್ರ ಏನೂ ಇಲ್ಲ ಅಂತ ಹೇಳಿದ್ರೂ ಆಕಿ ರಿವಾಜು ಆಕಿದು. ಹಂಗಾಗಿ ಹಾಲಿನ ಬಾಗಿಲದ ಮುಂದ ನಿಂತು ಒದರತಿದ್ಲು: "ಯೇ! ಚಿಲಕಾ ತಗಿಯೋ ಖೋಡಿ!"

ಧ್ವನಿ ಅಂದ್ರ ಎಂಥಾ ಧ್ವನಿ ಅಂತೀರಿ. ಧಾರವಾಡ ಸೀಮಿಯಾಗ ಹೊಲದ ಬದುವಿನ ಮ್ಯಾಲೆ ನಿಂತು ಕರದ್ರ ಊರಾಗಿನ ದನಾ ಹೊಳ್ಳಿ ನೋಡ್ತಿದ್ದವಂತ. ಆ ಧ್ವನಿ ಕೇಳಿದ ಕೂಡ್ಲೆ ಇವರು ಪೇಪರ್ ಒಗದು "ತಗದೆ ಯವ್ವಾ, ತಗದೆ!" ಅಂತ ಓಡತಿದ್ರು. ದಿನಾ ಮುಂಜಾನೆ ಇದ. ಬಾಜೂ ಮನ್ಯಾಗ ಮರಾಠಿ ಬಾಯಿ ಒಬ್ಬಾಕಿ ಅದಾಳ, ಆಕಿಗೆ ಕನ್ನಡ ಒಂದಕ್ಷರ ಬರಂಗಿಲ್ಲ, ಆದ್ರ "ಚಿಲಕಾ ತಗಿಯೋ ಖೋಡಿ" ಅನ್ನೂದನ್ನ ಬರೋಬರಿ ಅಂದು ತೋರಸ್ತಾಳ.

ಅಂಥಾ ಗಂಟಲಿನ್ಯಾಗ ಗಡ್ಡಿ ಆತು. ಆಪರೇಷನ್ ಮಾಡಬೇಕು, ಜೀವಕ್ಕ ಏನೂ ಧೋಕಾ ಇಲ್ಲ, ಆದ್ರ ಧ್ವನಿ ಮೊದಲಿನಂಗ ಬರೂದು ಕಠಿಣ ಅಂತ ಡಾಕ್ಟರ್ ಹೇಳಿದ್ರು. ಅತ್ತಿ ಜೀವದ ಮಾತು ಕಿವಿಗೇ ಹಾಕ್ಕೊಳ್ಳಲಿಲ್ಲ. "ಹಂಗಾರ ಹುಡಗಿ ಮದವಿಯೊಳಗ ಹಾಡೂವರು ಯಾರು?" ಅಂದ್ಲು.

ಹುಡಗಿ ಅಂದ್ರ ನನ್ನ ಮಗಳು. ಇಲ್ಲೇ ಒಂದು ದವಾಖಾನಿಯೊಳಗ ಮಂದಿ ಕೈಕಾಲು ತಿರಿವಿ ನೆಟ್ಟಗ ಮಾಡೂ ಕೆಲಸ ಆಕಿದು. ಕನ್ನಡ ಅರ್ಧಾ, ಮರಾಠಿ ಅರ್ಧಾ ಕಲಸಿ ಮಾತಾಡ್ತಾಳ, ಕನ್ನಡ ಓದಾಕ ಕೊಟ್ರ ಬೆವರ್ತಾಳ. ಆದ್ರ ಅಜ್ಜಿ ಹಾಡು ಮಾತ್ರ ಆಕಿಗೆ ಸಣ್ಣಾಕಿದ್ದಾಗಿಂದ ಹುಚ್ಚು. ನಮ್ಮ ಕಡೆ ಮದವಿಗೆ ಮೊದಲು ಬೀಸೂ ಶಾಸ್ತ್ರ ಇರತೈತಿ: ಬೀಸೂಕಲ್ಲಿಗೆ ಪೂಜಿ ಮಾಡಿ, ಮುತ್ತೈದಿಯರು ಅರಿಷಿಣ ಬೀಸ್ತಾರ, ಮನಿ ಹಿರೇ ಹೆಣಮಗಳು ಹಾಡ್ತಾಳ. "ಕಲ್ಲು ಮುತ್ತೈದಿಯರು ಹಿಡೀಲಿ, ಹಾಡು ನಂದು," ಅಂತ ಅತ್ತಿ ಮೊಮ್ಮಗಳಿಗೆ ಯಾವಾಗೋ ಮಾತು ಕೊಟ್ಟಿದ್ಲು. ಮದವಿ ಗಟ್ಟಿ ಆದ ಹೊತ್ತಿನ್ಯಾಗನ ಗಂಟಲು ಕೈ ಕೊಡ್ತು.

ನನಗ ಸಣ್ಣದೊಂದು ಉದ್ಯೋಗ ಐತಿ, ವಿಡಿಯೋ ಎಡಿಟಿಂಗ್. ಇಲ್ಲಿ ಕನ್ನಡ ಮಂದಿಯೊಳಗ ಕೂಸಿಗೆ ಹೆಸರಿಡೂದು, ಜಾವಳ, ಕಾಮಠಿ ಕಡೆಯ ಮಿಲಿಟರಿ ಮಂದಿಗೆ ಬದಲಿ ಆದ್ರ ಬೀಳ್ಕೊಡುಗೆ, ಏನ ಇದ್ರೂ ನನಗ ಹೇಳ್ತಾರ. ಚಲೋ ಮೈಕ್ ಐತಿ. ದವಾಖಾನಿಗೆ ಹೋಗೂ ಹಿಂದಿನ ದಿವಸ ಅತ್ತಿನ ಹಾಲಿನ್ಯಾಗ ದಿವಾನದ ಮ್ಯಾಲೆ ಕುಂದ್ರಿಸಿ, ಫ್ಯಾನ್ ಬಂದ್ ಮಾಡಿ, ಕುಕ್ಕರ್ ಕೆಳಗಿಳಿಸಿ, ರೆಕಾರ್ಡ್ ಸುರು ಮಾಡಿದೆ. ಹಾಡಿದ್ಲು ನೋಡ್ರಿ! ನಾನು ಆಕಿ ಜೋಡಿ ಎಷ್ಟು ವರ್ಷ ಜಗಳಾಡೇನಿ, ಆಕಿ ಜಗಳಕ್ಕ ಬಂದಾಗೆಲ್ಲ ಅದ ಧ್ವನಿ, ಆದ್ರ ಆವತ್ತು ಆ ಧ್ವನಿ ಕೇಳಿ ನನ್ನ ಕಣ್ಣಾಗ ನೀರು ಬಂದ್ವು.

ಹಾಡು ಒಳ್ಳೇ ರಂಗಿನ್ಯಾಗ ಬಂದಿತ್ತು. ಆವಾಗ ಅತ್ತಿಗೆ ಬಚ್ಚಲಕ್ಕ ಹೋಗೂದು ನೆನಪಾಗಿ ಬಾಗಿಲದ ಕಡೆ ನೋಡ್ಯಾಳ. ಬಾಗಿಲ ಬಂದ್. ಹಾಡು ಅಲ್ಲೇ ನಿಲ್ಲಿಸಿ, ಮೈಕಿನ ಮುಂದನ, ಉಸರು ತುಂಬಿ ಒದರಿದ್ಲು: "ಯೇ! ಚಿಲಕಾ ತಗಿಯೋ ಖೋಡಿ!" ನನ್ನ ಕಿವ್ಯಾಗಿನ ಹೆಡ್‌ಫೋನು ಹಾರಿ ಬೀಳೂದೊಂದ ಬಾಕಿ. ಹೋಗಿ ಬಂದು ಕುಂತು, ಬಿಟ್ಟಲ್ಲಿಂದನ ಮತ್ತ ಹಾಡು ಎತ್ತಿದ್ಲು. ನಡುವಿಂದು ಆಮ್ಯಾಲೆ ಕತ್ತರಿಸಿದ್ರಾತು ಅಂತ ನಾ ಗಪ್ ಕುಂತೆ.

ಆಪರೇಷನ್ ಆತು. ಆಕಿ ಗಟ್ಟಿ ಆಗಿ ಮನಿಗೆ ಬಂದ್ಲು, ಧ್ವನಿ ಬರಲಿಲ್ಲ. ಬರೀ ಪಿಸುಪಿಸು. ಪಡಸಾಲಿಯಿಂದ ಅಡಗಿಮನಿಗೆ ಕೇಳ್ಸಂಗಿಲ್ಲ. ಇವರು ಒಂದು ದಿವಸ ಹಳೇ ಟ್ರಂಕ್ ತಡಕಾಡಿ ಗಾರ್ಡ್ ಊದೂ ಸೀಟಿ ಹುಡುಕಿ, ದಾರ ಹಾಕಿ, ತಾಯಿ ಕೊರಳಿಗೆ ಕಟ್ಟಿದ್ರು. "ಏನ ಬೇಕಂದ್ರೂ ಊದು ಯವ್ವಾ." ಇಳಕಲ್ ಸೀರಿ, ಹಣಿ ಮ್ಯಾಲೆ ವಿಭೂತಿ, ಕೊರಳಾಗ ರೈಲ್ವೆ ಸೀಟಿ. ಮುಂಜಾನೆ ಬಚ್ಚಲದ ಮುಂದ ನಿಂತು ಆಕಿ ಸೀಟಿ ಊದಿದ್ರ ರಸ್ತೇದಾಗ ಹೆಲ್ಮೆಟ್ ಇಲ್ಲದ ಹುಡುಗ್ರು ಗಾಡಿ ಹೊಳ್ಳಿಸಿಕೊಂಡು ಓಡತಿದ್ರು. ನಮಗೆಲ್ಲ ನಗು. ಆದ್ರ ಸೀಟಿ ಕೇಳಿದ್ರ ಇವರು "ತಗದೆ ಯವ್ವಾ" ಅಂತಿರಲಿಲ್ಲ. ಸುಮ್ಮನ ಎದ್ದು ಹೋಗಿ ಚಿಲಕ ತಗದು ಬರತಿದ್ರು.

ಇನ್ನ ಮದವಿಯೊಳಗ ತೋರಸೂ ವಿಡಿಯೋ ಕೆಲಸ ಸುರು ಆತು. ನಮ್ಮನಿ ಕಂಪ್ಯೂಟರ್ ಸೊರಗಿ ಬಿಟ್ಟಿತ್ತು. ನಾ ಒಂದು ಕ್ಲಿಪ್ ಕತ್ತರಿಸಿದ್ರ ಅದು ವಿಚಾರ ಮಾಡಿ ಉತ್ತರ ಕೊಡೂದ್ರಾಗ ಅಕ್ಕಿ ಆರಿಸಿ ಮುಗೀತಿತ್ತು. ಸಾಮಾನೆಲ್ಲ ಇದ್ದದ್ದು ಒಂದು ಹಳೇ ಹಾರ್ಡ್ ಡಿಸ್ಕಿನ್ಯಾಗ: ಮಗಳ ಸಣ್ಣಂದಿನ ವಿಡಿಯೋ, ಫೋಟೋ, ಅತ್ತಿ ಹಾಡು. ನಾ ದಿನಾ ಆ ಡಿಸ್ಕಿಗೆ ಬೈಯೂದು ಕೇಳಿ ಕೇಳಿ ಇವರು ಒಂದಿನ ಕಿವಿ ನೆಟ್ಟಗ ಮಾಡಿದ್ರು. "ಬೈದ್ರೇನು ಬಂತು? ಅದು ನ್ಯಾರೋ ಗೇಜ್, ಸಣ್ಣ ಹಳಿ. ಗೇಜ್ ಬದಲ್ ಮಾಡೂಣು," ಅಂದ್ರು.

ಇವರ ನೌಕರಿ ಸುರು ಆದದ್ದು ಇತವಾರಿ ಕಡೆಯ ನ್ಯಾರೋ ಗೇಜಿನ ಮ್ಯಾಲೆ. ಮಂದಿ ನಡಕೋತ ಇಳದು, ಉಚ್ಚಿ ಹೊಯ್ದು, ಮತ್ತ ಹತ್ತತಿದ್ರು ಅಂಥಾ ಗಾಡಿ ಅದು. ಅದು ಹೋಗಿ ಬ್ರಾಡ್ ಗೇಜ್ ಆದಾಗ ಇವರು ಕಂಡ ಖುಷಿ ನಮ್ಮ ಮದವಿಯೊಳಗೂ ಕಂಡಿದ್ದಿಲ್ಲ. ಈಗ ಮನ್ಯಾಗ ಗೇಜ್ ಬದಲ್ ಮಾಡೂ ಯೋಗ ಬಂತಂತ ಮೊಬೈಲ್ ಹಿಡಕೊಂಡು ಓದಿದ್ದ ಓದಿದ್ದು. ಊಟಕ್ಕ ಕರದ್ರ ಪಿಸಿಐ ಎಕ್ಸ್‌ಪ್ರೆಸ್ ಅಂತಿದ್ರು, ಕಂಪ್ಯೂಟರಿನ ಒಳಗಿನ ಫಾಸ್ಟ್ ಲೈನಿನ ಹೆಸರಂತ ಅದು. ಕಂಪ್ಯೂಟರಿನ ಒಳಗ ಮಾಹಿತಿ ಓಡಾಡೂ ದಾರಿಗೆ ಬಸ್ ಅಂತಾರ ಅನ್ನೂದು ಗೊತ್ತಾದ ದಿವಸ ಮಾತ್ರ ಮಾರಿ ಗಂಟು ಹಾಕ್ಕೊಂಡು ಕುಂತ್ರು. "ಇಷ್ಟು ಫಾಸ್ಟ್ ಹೋಗೂದಕ್ಕ ಬಸ್ ಅಂತ ಹೆಸರಿಟ್ಟ ಮಂಗ್ಯಾ ಯಾವನು?"

ಒಂದಿನ ಇಬ್ಬರೂ ಸ್ಕೂಟಿ ಮ್ಯಾಲೆ ಮಹಾಲಕ್ಕ ಹೋದ್ವಿ. ಒಂದು ಓಣಿಯೊಳಗ ಇವರಿಗೆ ಪರಿಚಯದ ಕಂಪ್ಯೂಟರ್ ಅಂಗಡಿ ಐತಿ. ಅಂಗಡಿಯಾಂವ ಸಣ್ಣ ಡಬ್ಬಿ ತಗದು ಟೇಬಲ್ ಮ್ಯಾಲಿಟ್ಟ. ಒಳಗ ನೋಡಿದ್ರ ತೆಳ್ಳನ ಶೇಂಗಾ ಚಿಕ್ಕಿ ತುಂಡಿನಷ್ಟು ಹಸರು ಪಟ್ಟಿ. "ಆಂಟೀ, ರಾಕೆಟ್ ಹೈ ರಾಕೆಟ್," ಅಂದ. ಇದು ಹೊಸಾ ನಮೂನಿ ಡಿಸ್ಕು, ಇದಕ್ಕ ವೈರಿಲ್ಲ, ತಿರಗೂ ತಟ್ಟಿ ಇಲ್ಲ, ನಮ್ಮ ಬೋರ್ಡಿನ್ಯಾಗ ಇದಕ್ಕಂತನ ಒಂದು ಜಾಗಾ ಐತಿ, ಅಲ್ಲೆ ಸಿಗಿಸಿದ್ರ ಸಾಕು ಅಂತ ಹೇಳಿದ. ತಾನ ಬಂದು ಹಾಕಿ ಕೊಡ್ತೇನಿ ಅಂತನೂ ಅಂದ. ನಮ್ಮವರು ಅವನ ಹೆಗಲ ಮ್ಯಾಲೆ ಕೈ ಇಟ್ಟು, "ಬೇಟಾ, ಮೈ ರೈಲ್ವೆ ಮೇ ಥಾ," ಅಂದ್ರು. ನಾ ಅವನ ಫೋನ್ ನಂಬರ್ ಬರಕೊಂಡೆ.

ಆಯಿತವಾರ ಮುಂಜಾನೆ ಬ್ಲಾಕ್ ಅಂತ ಫರ್ಮಾನ್ ಹೊಂಟಿತು. ಬ್ಲಾಕ್ ಅಂದ್ರ ರೈಲ್ವೆಯೊಳಗ ರಿಪೇರಿ ಸಲುವಾಗಿ ಲೈನ್ ಬಂದ್ ಇಡೂದು. ಬ್ಲಾಕ್ ಮುಗಿಯೂಮಟಾ ಯಾರೂ ಹಾಲಿನ್ಯಾಗ ಹಾಯಬಾರದು, ಮಿಕ್ಸರ್ ಹಚ್ಚಬಾರದು, ಇವರನ್ನ ಮಾತಾಡಿಸಬಾರದು. ಊಟದ ಟೇಬಲ್ ಮ್ಯಾಲೆ ಮರಾಠಿ ಪೇಪರ್ ಹಾಸಿ, ಕಂಪ್ಯೂಟರ್ ಡಬ್ಬಿ ಮಲಗಿಸಿ, ಮುಚ್ಚಳ ತಗದು, ಮೊದಲು ನಮಗ ಪಾಠ ಸುರು ಮಾಡಿದ್ರು. ನಾನು, ನನ್ನ ಮಗಳು, ದಿವಾನದ ಮ್ಯಾಲೆ ಅತ್ತಿ.

"ನೋಡ್ರಿ, ಇದು ಪ್ರೊಸೆಸರ್, ಅಂದ್ರ ದೊಡ್ಡ ಜಂಕ್ಷನ್. ಇಲ್ಲಿಂದ ಸೀದಾ ಹೊಂಟದ್ದು ಮೇನ್ ಲೈನ್, ಹದಿನಾರು ಲೇನಿನ ಉದ್ದನ್ನ ಸ್ಲಾಟ್, ಕಾರ್ಡ್ ಸಿಗಿಸೂ ಕಿಂಡಿ. ಅದರ ಮ್ಯಾಲೆ ಡಿಸ್ಪ್ಲೇ ಕಾರ್ಡ್ ಐತಿ. ಇಲ್ಲೆ ಕೆಳಗ ಇರೂದು ಸಣ್ಣ ಜಂಕ್ಷನ್. ಸಣ್ಣ ಸ್ಲಾಟು, ಡಿಸ್ಕಿನ ವೈರು ಎಲ್ಲಾ ಇಲ್ಲಿಗೆ ಬರತಾವ. ನಮ್ಮ ಹೊಸಾ ಪಟ್ಟಿನೂ ಇಲ್ಲಿಗೇ, ಅದಕ್ಕ ನಾಲ್ಕು ಲೇನು. ಹೊಸಾ ಹೊಸಾ ಪೀಳಿಗಿ ಬಂದಂಗ ಅದ ಲೇನಿನ್ಯಾಗ ಸ್ಪೀಡ್ ದುಪ್ಪಟ್ಟು."

"ಮೊದಲ ಹೆಂಗಿತ್ತು ಪಪ್ಪಾ?" ಅಂದ್ಲು ಮಗಳು, ಸುಮ್ಮನಿರಲಾರದ.

"ಮೊದಲ ಎಲ್ಲಾ ಕಾರ್ಡಿಗೂ ಕೂಡಿ ಒಂದ ಲೈನು. ಒಬ್ಬಾಂವ ಮಾತಾಡೂಮಟಾ ಉಳದವರು ಬಾಯಿ ಮುಚ್ಚಿಕೊಂಡು ಕುಂದರಬೇಕು."

"ಅಂದ್ರ ನಮ್ಮನಿಯಂಗ," ಅಂದೆ ನಾ.

ಅತ್ತಿ ಸೆರಗು ಬಾಯಿಗೆ ಹಚ್ಚಿ ನಕ್ಕಳು. ಇವರು ಕೇಳದವರಂಗ ಮಾಡಿ, ಮೈಯಾಗಿನ ಕರೆಂಟ್ ಇಳೀಲಿ ಅಂತ ನಳಾ ಮುಟ್ಟಿ ಬಂದು, ಪಟ್ಟಿ ಸಿಗಿಸಿ, ಅಕ್ಕಿಕಾಳಿನಂಥಾ ಒಂದು ಸ್ಕ್ರೂ ಕೈಯಾಗ ಹಿಡದ್ರು. ಸ್ಕ್ರೂ ಕೆಳಗ ಬಿತ್ತು. ನಾವೆಲ್ಲಾ ನೆಲದ ಮ್ಯಾಲೆ ಬಗ್ಗಿ ಟಾರ್ಚ್ ಹಿಡದು ತಡಕಾಡಿದ್ವಿ. ಕಡೀಕ ಅತ್ತಿ ಸೀಟಿ ಊದಿ ತೋರಿಸಿದ್ಲು: ಇವರ ಧೋತರದ ನೆರಿಗಿಯೊಳಗ ಸಿಕ್ಕಿತ್ತು.

ಮುಚ್ಚಳ ಹಾಕಿ ಕಂಪ್ಯೂಟರ್ ಚಾಲೂ ಮಾಡಿದ್ವಿ. ಅದನ್ನ ಎಬ್ಬಿಸಿ ನಡಸೂ ಸಾಮಾನೆಲ್ಲ ಬ್ಯಾರೆ ಒಂದು ಸಣ್ಣ ಡಿಸ್ಕಿನ್ಯಾಗ ಇದ್ದದ್ದಕ್ಕ ಅದೇನೋ ಎದ್ದಿತು. ಪರದೆ ಮ್ಯಾಲೆ ಹೊಸಾ ಪಟ್ಟಿ ಹೆಸರು ಕಂಡಿತು. ಇವರು ಎರಡೂ ಕೈ ಸೊಂಟದ ಮ್ಯಾಲಿಟ್ಟು, "ಬ್ರಾಡ್ ಗೇಜ್ ಉದ್ಘಾಟನಾ ಆತು, ಪೇಢಾ ತರ್ರಿ," ಅಂದ್ರು. ನಾ ಹಳೇ ಡಿಸ್ಕಿಂದ ಅತ್ತಿ ಹಾಡು ಮೊದಲು ಹೊಸಾದಕ್ಕ ಹಾಕೂಣಂತ ಮೌಸ್ ಹಿಡದೆ.

ಹಳೇ ಡಿಸ್ಕ್ ಇಲ್ಲ.

ಇನ್ನೊಮ್ಮೆ ನೋಡಿದೆ. ಇಲ್ಲ. ಬಂದ್ ಮಾಡಿ ಚಾಲೂ ಮಾಡಿದ್ವಿ. ಇಲ್ಲ. ಇವರು ವೈರ್ ಜಗ್ಗಿ ನೋಡಿದ್ರು, ಒತ್ತಿ ನೋಡಿದ್ರು, ಊದಿ ನೋಡಿದ್ರು. ಎರಡನೇ ಕಾಪಿ ಇರಲಿಲ್ಲೇನು ಅಂತ ನೀವು ಕೇಳತೀರಿ. ಅಯ್ಯ, ಕಾಪಿ ಮಾಡಿ ಇಡೂಣಂತನ ಅಲ್ರೀ ಈ ಶೇಂಗಾ ಚಿಕ್ಕಿ ತಂದದ್ದು!

ಮಹಾಲದ ಅಂಗಡಿಯಾಂವಗ ಫೋನ್ ಮಾಡಿದ್ವಿ. ಆಯಿತವಾರ ಅಂತ ಅಂವ ಯಾರದೋ ಊಟಕ್ಕ ಹೋಗಿದ್ದ, ಹಿಂದ ಬ್ಯಾಂಡ್ ಬಾರಸಾಕತ್ತಿತ್ತು. "ಅಂಕಲ್, ಪುರಾನಾ ಡಿಸ್ಕ್ ಥಾ ನಾ? ಗಯಾ ಹೋಗಾ," ಅಂದ. ಹಳೇ ಡಿಸ್ಕು ಅಲುಗಾಡಿಸಿದ್ರ ಹಿಂಗ ಜೀವಾ ಬಿಡತಾವ, ಇನ್ನ ಅದನ್ನ ಚಾಲೂ ಮಾಡಬ್ಯಾಡ್ರಿ, ನಾಳೆ ಅಂಗಡಿಗೆ ತರ್ರಿ, ಪುಣೆಕ್ಕ ಕಳಿಸಬೇಕಾಕ್ಕೈತಿ, ಹೊಳ್ಳಿ ಬಂದ್ರ ಬಂತು, ಇಲ್ಲಂದ್ರ ಇಲ್ಲ ಅಂದ. ಬೀಸೂ ಶಾಸ್ತ್ರ ಗುರುವಾರ.

ನನಗ ಎಲ್ಲಿಲ್ಲದ ಸಿಟ್ಟು ಬಂತು. "ಆ ಹುಡುಗ ಬಂದು ಹಾಕಿ ಕೊಡ್ತೇನಿ ಅಂದ. ಕೇಳಿದ್ರೇನು? ರೈಲ್ವೆಯೊಳಗ ಇದ್ದೆ ಅಂತ! ರೈಲ್ವೆಯೊಳಗ ಇದ್ರ ಮನಿ ಹಳಿ ತಪ್ಪಿಸಬೇಕಂತ ಬರದೈತೇನು? ಒಂದು ಚಿಲಕ ತಗಿಯೂ ಅಕಲಿಲ್ಲ, ಕಂಪ್ಯೂಟರ್ ಬಿಚ್ಚಾಕ ಹೊಂಟ್ರು!" ಬಾಯಿಗೆ ಬಂದದ್ದೆಲ್ಲಾ ಅಂದೆ. ಬ್ಯಾರೆ ದಿವಸ ಆಗಿದ್ರ ಇವರೂ ಎರಡು ಮಾತು ತಿರಿಗಿ ಅಂತಿದ್ರು. ಆವತ್ತು ಮಾರಿ ಸಣ್ಣ ಮಾಡ್ಕೊಂಡು ಸ್ಕ್ರೂ ಡ್ರೈವರ್ ತಿರವಕೋತ ನಿಂತಿದ್ರು. ಮಗಳು ಅಪ್ಪನ ಹತ್ರ ಹೋಗಿ, "ಪಪ್ಪಾ, ಮಲಾ ದುಸರಂ ಕಾಹೀ ನಕೋ. ಫಕ್ತ ಆಜೀಚಾ ಆವಾಜ್," ಅಂತ ಮರಾಠಿಯೊಳಗ ಅಂದು ಅತ್ತಳು. ಆಕಿಗೆ ಅಳು ಬಂದ್ರ ಮರಾಠಿನ ಬರತೈತಿ. ಬ್ಯಾರೆ ಏನೂ ಬ್ಯಾಡ, ಅಜ್ಜಿ ಧ್ವನಿ ಅಷ್ಟ ಬೇಕು ಅಂದ್ರ ಇವರು ಎಲ್ಲಿಂದ ತರಬೇಕು? ಇವರು ಖೋಲಿಗೆ ಹೋಗಿ, ಬಚ್ಚಲ ಹೊಕ್ಕು ಬಾಗಿಲ ಹಾಕ್ಕೊಂಡ್ರು. ನಳಾ ಜೋರಾಗಿ ಬಿಟ್ಟ ಸಪ್ಪಳ ಕೇಳಿಸ್ತು. ಗಂಡಸರು ಹಂಗ ನಳಾ ಬಿಟ್ಕೊಂಡು ಬಚ್ಚಲದಾಗ ನಿಲ್ಲೂದ್ಯಾಕ ಅಂತ ಹೆಂಡಂದಿರಿಗೆ ಗೊತ್ತಿರತೈತಿ. ನನ್ನ ಸಿಟ್ಟು ಅಲ್ಲಿಗೇ ಇಳೀತು.

ಇಷ್ಟೊತ್ತು ಅತ್ತಿಗೆ ಯಾರೂ ಏನೂ ಹೇಳಿದ್ದಿಲ್ಲ. ಹೆಂಗ ಹೇಳೂದು? ಗಂಟಲು ಹೋದ್ರೂ ಹಾಡು ಉಳದೈತಲ್ಲಾ ಅಂತ ಆಕಿ ದಿನಾ ನನಗ ಪಿಸುಗುಡತಿದ್ಲು, ಆ ಧೈರ್ಯದ ಮ್ಯಾಲೆ ನಿಂತಾಕಿ. ಆದ್ರ ಆಕಿ ಗಂಟಲು ಹೋಗಿತ್ತು, ಕಿವಿ ಹೋಗಿದ್ದಿಲ್ಲ. ನಿಧಾನಕ್ಕ ಎದ್ದು, ಹೆಗಲ ಮ್ಯಾಲೆ ಟವೆಲ್ ಹಾಕ್ಕೊಂಡು, ಹಾಲಿನ ಬಾಗಿಲದ ಮುಂದ ಹೋಗಿ ನಿಂತಳು. ಒಳಗ ನಳಾ ಬಂದಾತು. ಇವರು ಖೋಲಿ ಕಡೆಯಿಂದ ಹೊರಗ ಬಂದ್ರು. ಹಾಲಿನ ಬಾಗಿಲ ಬಂದ್ ಇದ್ದಂಗ ಐತಿ. ಅತ್ತಿ ಸೀಟಿ ಬಾಯಾಗಿಟ್ಟು ಊದಿದ್ಲು ನೋಡ್ರಿ, ಕಿಟಕಿ ಗಾಜು ಝಣಝಣ ಅಂದ್ವು.

ಇವರು ಕೆಂಪು ಕಣ್ಣು ಒರಸ್ಕೋತ ಹೋಗಿ ಚಿಲಕ ತಗದ್ರು. ಅತ್ತಿ ಒಳಗ ಹೋಗಲಿಲ್ಲ. ಮಗನ ಅಂಗಿ ಹಿಡದು ಜಗ್ಗಿ, ಕಿವಿಗೆ ಬಾಯಿ ಹಚ್ಚಿದ್ಲು. ನಾ ಬಾಜೂಕ ಇದ್ದೆ, ನನಗೂ ಕೇಳಿಸ್ತು.

"ದಿನಾ ನಾ ಬಚ್ಚಲದಾಗ ಕಾಣ್ಸಂಗಿಲ್ಲ. ಹಂಗಂತ ನಾ ಸತ್ತೇನೇನು? ಹೊರಗ ನಿಂತಿರತೇನಿ. ಒಳಗ ಯಾರು ಚಿಲಕ ಹಾಕ್ಯಾರ, ಅದನ್ನ ನೋಡು." ಉಸರು ತಗೊಂಡು ಮತ್ತ ಅಂದ್ಲು: "ಇವತ್ತ ಹೊಸದಾಗಿ ಒಳಗ ಹೊಕ್ಕಾಂವ ಯಾವನು? ಅವನ್ನ ಮೊದಲ ಹೊರಗ ಎಬ್ಬಿಸು."

ಇವರು ತಾಯಿ ಮಾರಿ ನೋಡಿದ್ರು, ಕೈಯಾಗಿನ ಚಿಲಕ ನೋಡಿದ್ರು, ಟೇಬಲ್ ಮ್ಯಾಲಿನ ಕಂಪ್ಯೂಟರ್ ನೋಡಿದ್ರು. ಆಮ್ಯಾಲೆ ತಲಿ ಬಡಕೊಂಡ್ರು.

"ಅಯ್ಯಯ್ಯ! ಲೈನು ಒಂದ! ಸಣ್ಣ ಜಂಕ್ಷನ್ನಿನಿಂದ ಹೊಂಟ ಲೈನು ಒಂದ, ಅದಕ್ಕ ಬಾಗಿಲ ಎರಡು! ಹೊಸಾದು ಒಳಗ ಬಂದು ಕುಂತ ಕೂಡ್ಲೆ ಹಳೇದರ ಕಡೆ ಬಂದ್ ಆಗೈತಿ. ಡಿಸ್ಕ್ ಸತ್ತಿಲ್ಲ ಯವ್ವಾ, ಸ್ಟೇಶನ್ ಹೊರಗ ಔಟರ್ ಸಿಗ್ನಲ್ಲಿನ್ಯಾಗ ನಿಂತೈತಿ!"

ಓಡಿದ್ರು. ಅಕ್ಕಿಕಾಳಿನ ಸ್ಕ್ರೂ ಬಿಚ್ಚಿ ಚಿಕ್ಕಿ ಹೊರಗ ತಗದ್ರು. ಮಹಾಲದಾಂವ ಚಾಲೂ ಮಾಡಬ್ಯಾಡ್ರಿ ಅಂದಿದ್ದು ನನಗ ನೆನಪಾಗಿ ಗುಂಡಿ ಮ್ಯಾಲಿಂದ ಬೆರಳು ತಗದೆ. ಆದ್ರ ಅತ್ತಿ ಹಿಂದ ನಿಂತು ಕಣ್ಣು ಬಿಟ್ಟಿದ್ಲು, ಒತ್ತಿದೆ. ಪರದೆ ಎದ್ದಿತು. ಹಳೇ ಡಿಸ್ಕ್ ಏನೂ ಆಗದಂಗ ಬಂದು ಕುಂತಿತ್ತು. ಒಳಗ ಮಗಳ ಜಾವಳ, ಇವರ ರಿಟೈರ್‌ಮೆಂಟಿನ ಹಾರ, ಅತ್ತಿ ಹಾಡು, ಎಲ್ಲಾ ಇದ್ದಲ್ಲೇ ಇದ್ವು.

ಆಮ್ಯಾಲೆ ಹಳೇದರ ವೈರ್ ಕಿತ್ತು ಬಾಜೂ ಇರೂ ಇನ್ನೊಂದು ಕಿಂಡಿಗೆ ಹಾಕಿ, ಚಿಕ್ಕಿ ಮತ್ತ ಸಿಗಿಸಿದ್ವಿ. ಈಗ ಎರಡೂ ಕಂಡ್ವು. ಸಂಜಿಗೆ ಮಹಾಲದಾಂವ ತಾನ ಫೋನ್ ಮಾಡಿ, "ಅಂಕಲ್, ಯಾದ್ ಆಯಾ, ಕುಛ್ ಬೋರ್ಡ್ ಮೇ ಲೇನ್ ಶೇರ್ ಹೋತಾ ಹೈ," ಅಂದ, ಕೆಲವು ಬೋರ್ಡಿನ್ಯಾಗ ಎರಡಕ್ಕೂ ಕೂಡಿ ಒಂದ ಲೇನು ಇರತೈತಂತ. ಇವರು, "ಹಮಕೋ ಮಾಲೂಮ್ ಹೈ, ಹಮಾರೀ ಮಾಂ ನೇ ಬತಾಯಾ," ಅಂದು ಫೋನಿಟ್ರು. ನಮ್ಮವ್ವ ಹೇಳಿದ್ಲು ಅಂದ್ರ ಅಂವ ಏನ್ ತಿಳಕೊಂಡನೋ! ಅತ್ತಿನ ಕೇಳಿದ್ರ ಆಕಿ ಅಷ್ಟೆಲ್ಲಾ ವಿಚಾರ ಮಾಡಿದ್ದಿಲ್ಲಂತ. ದಿನಾ ಬಾಗಿಲದ ಮುಂದ ನಿಂತು ಹೊಟ್ಟಿ ಉರಕೊಂಡಾಕಿ, ಅದನ್ನ ಅಂದ್ಲು ಅಷ್ಟ.

ಹಾಡು ಹೊಸಾ ಡಿಸ್ಕಿಗೆ ಕಣ್ಣು ಮಿಟುಕಿಸೂದ್ರಾಗ ಹೋತು. ಕತ್ತರಿಸಿದ್ರ ತಡಾ ಇಲ್ಲದ ಉತ್ತರ, ಇನ್ನ ಅಕ್ಕಿ ಆರಸಾಕ ಪುರಸೊತ್ತು ಇಲ್ಲ. ನಾ ಹೆಡ್‌ಫೋನ್ ಹಾಕ್ಕೊಂಡು ಕುಂತೆ. ಹಾಡು ನಡೀತು, ನಡೀತು, ಆ ಜಾಗಾಕ್ಕ ಬಂತು. ಒದರಿದ್ದನ್ನ ಕತ್ತರಿಸಬೇಕು, ಎರಡೂ ತುದಿ ಕೂಡಿಸಬೇಕು, ಮುಗೀತು. ಕೈ ಮುಂದ ಹೋಗಲಿಲ್ಲ. ಹಾಡು ಯಾರರ ಹಾಡ್ಯಾರು. ಇದನ್ನ ಕತ್ತರಿಸಿ ಒಗದ್ರ ನಮ್ಮತ್ತಿನ್ನ ನಾ ಮತ್ತ ಎಲ್ಲೆ ಕೇಳಲಿ? ಯಾರಿಗೂ ಹೇಳದ ಹಂಗ ಬಿಟ್ಟೆ.

ಗುರುವಾರ ನಮ್ಮ ಹಾಲಿನ್ಯಾಗ ಕಾಲಿಡಾಕ ಜಾಗಾ ಇಲ್ಲ. ನಮ್ಮ ಕಡೆಯ ಕನ್ನಡ ಹೆಣ್ಮಕ್ಕಳು, ಬೀಗರ ಕಡೆಯ ಮರಾಠಿ ಹೆಣ್ಮಕ್ಕಳು, ಬಾಜೂ ಮನಿ ಬಾಯಿ. ನಡುವ ಬೀಸೂಕಲ್ಲು, ಅದರ ಮುಂದ ಹಸರು ಸೀರಿ ಉಟ್ಟು ನನ್ನ ಮಗಳು. ದಿವಾನದ ಮ್ಯಾಲೆ ಅತ್ತಿ, ಕೊರಳಾಗ ಸೀಟಿ. ಇವರು ಬಾಗಿಲದ ಹತ್ರ ಹಾರದ ಬುಟ್ಟಿ ಹಿಡಕೊಂಡು ನಿಂತಿದ್ರು. ಮುತ್ತೈದಿಯರು ಕಲ್ಲಿನ ಗೂಟಕ್ಕ ಕೈ ಹಾಕಿದ್ರು. ನಾ ಸ್ಪೀಕರ್ ಹಚ್ಚಿದೆ.

ಆ ಧ್ವನಿ ಮನಿ ತುಂಬಾ ತುಂಬಿತು. ಮಗಳು ತಲಿ ಬಗ್ಗಿಸಿದ್ಲು, ಕಲ್ಲಿನ ಮ್ಯಾಲೆ ಹನಿ ಬಿದ್ವು. ಭಾಷಾ ತಿಳೀದ ಬೀಗತಿಯೂ ಸೆರಗಿನಿಂದ ಕಣ್ಣು ಒತ್ತಿಕೊಂಡ್ಲು. ಅತ್ತಿ ಮಾತ್ರ ಬೆರಳಿನಿಂದ ಮಣಕಾಲು ತಟಗೋತ, ಎಲ್ಲ್ಯಾರ ತಪ್ಪಿ ಹಾಡೇನೇನು ಅಂತ ಹುಬ್ಬು ಗಂಟು ಹಾಕ್ಕೊಂಡು ತನ್ನ ಹಾಡು ತಾನ ಕೇಳಾಕತ್ತಿದ್ಲು. ಕಲ್ಲು ತಿರಗತಿತ್ತು.

ಅಷ್ಟರಾಗ ಬಂತು.

"ಯೇ! ಚಿಲಕಾ ತಗಿಯೋ ಖೋಡಿ!"

ಬಾಗಿಲದ ಕಡೆಯಿಂದ ಬುಟ್ಟಿ ಬಿದ್ದ ಸಪ್ಪಳಾತು. "ತಗದೆ ಯವ್ವಾ, ತಗದೆ!" ಅಂದು ಇವರು ಹೆಣ್ಮಕ್ಕಳ ನಡುವ ದಾರಿ ಮಾಡ್ಕೊಂಡು ಓಡಿ ಬಚ್ಚಲದ ಬಾಗಿಲಕ್ಕ ಕೈ ಹಾಕಿದ್ರು. ಬಾಗಿಲ ತಗದ ಇತ್ತು. ಒಳಗ ಯಾರೂ ಇರಲಿಲ್ಲ. ಅಲ್ಲೇ ನಿಂತ್ರು. ತಡಕೋಬೇಕಂದ್ರೂ ತಡೀಲಾರದ ಮೊದಲು ಬಾಜೂ ಮನಿ ಬಾಯಿ ನಕ್ಕಳು, ಆಮ್ಯಾಲೆ ಹಾಲಿಗೆ ಹಾಲ ನಕ್ಕಿತು. ಇವರು ನಗಲಿಲ್ಲ. ಬಾಗಿಲದ ಹಿಡಿ ಬಿಡದ, ನಮ್ಮ ಕಡೆ ಬೆನ್ನು ಮಾಡಿ ನಿಂತೇ ಇದ್ರು, ಹೆಗಲು ಅಲುಗತಿದ್ವು.

ಅತ್ತಿ ದಿವಾನದಿಂದ ಇಳದು, ಗ್ವಾಡಿ ಹಿಡಕೊಂಡು ಹೋಗಿ, ಮಗನ ಬೆನ್ನ ಮ್ಯಾಲೆ ಕೈ ಇಟ್ಟಳು. ಅಷ್ಟು ಮಂದಿಯ ನಡುವನೂ ಆಕಿ ಪಿಸುಮಾತು ನನಗ ಕೇಳಿಸ್ತು.

"ಇವತ್ತ ತಗದಿಟ್ಟೀಯಲ್ಲೋ, ಶಾಣ್ಯಾ ನೀನು. ಬಾ, ಹಾಡು ಮುಗಿದಿಲ್ಲ, ಕುಂತು ಕೇಳು."

ಸ್ಪೀಕರಿನ್ಯಾಗ ಆಕಿ ಬಿಟ್ಟಲ್ಲಿಂದನ ಮತ್ತ ಹಾಡು ಎತ್ತಿದ್ಲು. ಮುತ್ತೈದಿಯರು ಕಲ್ಲು ತಿರುವಿದ್ರು.